ಏಳನೆಯ ಸೀಸ

"ಮತ್ತೆ ಎಲ್ಲಾ ಹೋಯ್ತಾ?" ತನ್ನ ಗಾಳದ ಸಾಮಾನಿನ ಅಂಗಡಿಯಲ್ಲಿ ಕೂತಿದ್ದ ಲಿಯೊನಿಲ್ಡಾ ತಲೆಯೆತ್ತದೆ ಕೇಳಿದಳು.

"ಎಲ್ಲಾ ಹೋಯ್ತು" ಎಂದ ಬೆಲ್ಮೀರೊ, ಬಹುಮಾನ ಗೆದ್ದು ಬಂದವನ ಹಾಗೆ.

ಗಾಳದ ದಾರದ ತುದಿಗೆ ಕಟ್ಟುವ ಸೀಸವನ್ನು ಇವನಷ್ಟು ಧಾರಾಳವಾಗಿ ಸಮುದ್ರಕ್ಕೆ ಸುರಿದವನು ಕೊವಾಲ್ವಾ ಊರಿನಲ್ಲೇ ಇರಲಿಲ್ಲ. ದೂರದ ಗುಡ್ಡಗಾಡಿನಿಂದ ಬಂದವನು. ಶಾಲೆಯ ಬಸ್ಸು ಓಡಿಸುವುದು ಕೆಲಸ, ಮಕ್ಕಳನ್ನು ಇಳಿಸಿದ ಮೇಲೆ ದಡದಲ್ಲಿ ನಿಂತು ಗಾಳ ಹಾಕುವುದು ಹುಚ್ಚು. ಆ ಹುಚ್ಚು ಮೀನಿನದಲ್ಲ ಎಂಬುದು ಅಂಗಡಿಯ ಮೂಲೆಯಲ್ಲಿ ಕೂತು ಗಾಳಕ್ಕೆ ಸಿಕ್ಕಿಸುವ ಹುಳುಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದ ಅಸುಂತಾ ಚಿಕ್ಕಮ್ಮನಿಗೆ ಎಂದೋ ಗೊತ್ತಾಗಿತ್ತು.

"ಬಸ್ಸಿನ ಸಾಹೇಬ್ರೇ, ಮೀನು ತಿನ್ನೋ ಆಸೆ ಇದ್ರೆ ಮಾರ್ಕೆಟ್ಟಿಗೆ ಹೋಗಿ. ಇಲ್ಲಿಗೆ ಬರೋರ ಆಸೆ ಬೇರೇನೇ ಇರುತ್ತೆ."

"ಚಿಕ್ಕಮ್ಮಾ!" ಎಂದಳು ಲಿಯೊನಿಲ್ಡಾ. ಕಿವಿ ಕೆಂಪಾಗಿತ್ತು. ಬೆಲ್ಮೀರೊ ಆ ಕಿವಿಯನ್ನೇ ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು.

ಕೊನೆಗೆ ಅವಳೇ ದಡಕ್ಕೆ ಹೋಗಿ ಕಲಿಸಬೇಕಾಯಿತು. ನವೆಂಬರ್ ತಿಂಗಳ ಮಂಜು. ಅಲೆ ಕಾಣುವುದಕ್ಕಿಂತ ಮೊದಲು ಅದರ ಸದ್ದು ಬರುತ್ತಿತ್ತು.

"ಮೊದಲು ನೊರೆ ನೋಡಿ. ಯಾವ ಕಡೆ ಹೋಗ್ತಿದೆ?"

"ದಕ್ಷಿಣಕ್ಕೆ."

"ಇಲ್ಲಿ ಯಾವತ್ತೂ ದಕ್ಷಿಣಕ್ಕೇ. ದುಂಡನೆ ಸೀಸ ಕಟ್ಟಿದ್ರೆ ಉರುಳ್ಕೊಂಡು ಹೋಗುತ್ತೆ. ನೀರು ಮೆತ್ತಗಿದ್ರೆ ಪರವಾಗಿಲ್ಲ, ಮೀನನ್ನ ಹುಡುಕ್ಕೊಂಡು ಹೋಗ್ಲಿ ಅಂತ ಬಿಡಬಹುದು. ಇವತ್ತು ಈ ತಂತಿ ಕಾಲಿನ ಸೀಸ ಹಾಕಿ. ಕಾಲು ಮರಳಿಗೆ ಚುಚ್ಕೊಂಡು ಕೂರುತ್ತೆ. ನೇರ ಎಸೀಬೇಡಿ, ಉತ್ತರಕ್ಕೆ ಓರೆಯಾಗಿ ಎಸೀರಿ."

ಅವನು ಎಸೆದ. ತಕ್ಷಣ ದಾರವನ್ನು ಬಿಗಿಯಾಗಿ ಸುತ್ತತೊಡಗಿದ. ಅವಳು ಅವನ ಕೈಮೇಲೆ ಕೈಯಿಟ್ಟು ತಡೆದಳು.

"ಇದೇ ನಿಮ್ಮ ತಪ್ಪು. ಬಿಗಿ ಮಾಡಿದಷ್ಟೂ ಕಿತ್ಕೊಂಡು ಬರುತ್ತೆ. ಸ್ವಲ್ಪ ದಾರ ಬಿಡಿ. ಸಡಿಲ ಬಿಟ್ರೇನೇ ಕೂರೋದು."

"ಸೀಸಕ್ಕೆ ಮಾತ್ರಾನಾ ಈ ಪಾಠ?"

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು, ಆದರೆ ಕೂಡಲೇ ಅಲ್ಲ.

ಸ್ವಲ್ಪ ಆಚೆ, ಸಾಲಾಗಿ ಒಡೆಯುತ್ತಿದ್ದ ಅಲೆಗಳ ನಡುವೆ ಒಂದು ಕಡೆ ಮಾತ್ರ ನೀರು ನಯವಾಗಿತ್ತು. ಅಲ್ಲಿ ನೊರೆಯಿಲ್ಲ, ಸದ್ದಿಲ್ಲ. ಹೊಸಬರು ಅದೇ ಒಳ್ಳೆಯ ಜಾಗ ಎಂದುಕೊಳ್ಳುತ್ತಾರೆ. ಆದರೆ ದಡಕ್ಕೆ ಬಂದ ನೀರೆಲ್ಲ ತಿರುಗಿ ಸಮುದ್ರದೊಳಕ್ಕೆ ಓಡುವ ದಾರಿ ಅದು. ಊರಿನವರು ಅದನ್ನು 'ಸುಮ್ಮನಿರುವ ನೀರು' ಎನ್ನುತ್ತಾರೆ. ಅತ್ತ ಬೆನ್ನು ಮಾಡಿ ಯಾರೂ ನಿಲ್ಲುವುದಿಲ್ಲ.

ಲಿಯೊನಿಲ್ಡಾಳನ್ನು ಮದುವೆಯಾಗಬೇಕಿದ್ದ ವಾಲ್ದೆಮಾರ್ ಐದು ವರ್ಷದ ಹಿಂದೆ ಅಲ್ಲೇ ಸೊಂಟಮಟ್ಟದ ನೀರಿಗೆ ಇಳಿದಿದ್ದ. ನಗುತ್ತಾ ಏನೋ ಕೂಗಿದ. ಅಲೆಯ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಆಮೇಲೆ ಅವನಿರಲಿಲ್ಲ.

ಅವನ ಸೊಂಟಪಟ್ಟಿಯಲ್ಲಿ ಆರು ಸೀಸಗಳಿದ್ದವು. ನಿಶ್ಚಿತಾರ್ಥಕ್ಕೆಂದು ಅವಳೇ ಹಿತ್ತಾಳೆಯ ಕೊಂಡಿಯಿಟ್ಟು ಎರಕ ಹೊಯ್ದು ಕೊಟ್ಟಿದ್ದು. ಅವನು ಹೋದ ಮರುದಿನವೇ ಆ ಅಚ್ಚನ್ನು ಕಲ್ಲಿಗೆ ಬಡಿದು ಪುಡಿ ಮಾಡಿದ್ದಳು.

ಕೊವಾಲ್ವಾದಲ್ಲಿ ದೇಹ ಸಿಗದವನಿಗೆ ಚರ್ಚಿನ ಗಂಟೆ ಬಾರಿಸುವುದಿಲ್ಲ. ಅವನ ಜೊತೆ ಹೋದ ಸೀಸವಾದರೂ ಪೂರ್ತಿ ತಿರುಗಿ ಬರಬೇಕು. ಅದನ್ನೇ ದೇಹವೆಂದು ಮಣ್ಣು ಮಾಡಿ, ಗಂಟೆ ಹೊಡೆದು, ಅವನನ್ನು ಹೋದವರ ಲೆಕ್ಕಕ್ಕೆ ಸೇರಿಸುತ್ತಾರೆ. ಅಲ್ಲಿಯವರೆಗೆ ಅವನ ಹುಡುಗಿ ವಿಧವೆಯೂ ಅಲ್ಲ, ಕನ್ಯೆಯೂ ಅಲ್ಲ. ಕಪ್ಪು ಉಡುವಂತಿಲ್ಲ, ಕುಣಿಯುವಂತಿಲ್ಲ, ಇನ್ನೊಬ್ಬನಿಗೆ ಹೂಂ ಎನ್ನುವಂತಿಲ್ಲ.

ಐದು ಸೀಸಗಳು ಒಂದೊಂದಾಗಿ ಬಂದು ಚರ್ಚಿನ ತಟ್ಟೆಯಲ್ಲಿ ಕೂತಿದ್ದವು. ಐದೂ ಸಿಕ್ಕಿದ್ದು ಸುಮ್ಮನಿರುವ ನೀರಿನ ಉತ್ತರಕ್ಕೆ, ಹರಿವಿಗೆ ಎದುರಾಗಿ. ನೀರು ಹಾಗೆ ತರುವುದಿಲ್ಲ. ಯಾರೋ ಹೊತ್ತು ತಂದಿಟ್ಟ ಹಾಗೆ ಒದ್ದೆ ಮರಳಿನ ಮೇಲೆ ನೆಟ್ಟಗೆ ನಿಂತಿರುತ್ತಿದ್ದವು. ಊರಿನವರು ಶಿಲುಬೆಯ ಗುರುತು ಮಾಡಿಕೊಂಡು ಸುಮ್ಮನಾಗಿದ್ದರು.

ಹೋದ ವರ್ಷ ಬೆಲ್ಮೀರೊ ಮದುವೆಯ ಮಾತೆತ್ತಿದಾಗ ಅವಳು ಹೇಳಿದ್ದಿಷ್ಟೇ: "ಆರನೇದು ಬರಲಿ."

"ಕಾಯ್ತೀನಿ. ಬಸ್ ಸ್ಟಾಪಿನಲ್ಲಿ ಕಾದು ಅಭ್ಯಾಸ ಇದೆ."

ಅವನಿಗೆ ಗೊತ್ತಿಲ್ಲದ್ದೊಂದಿತ್ತು. ಆರನೆಯದು ಅದಕ್ಕೂ ಮೊದಲೇ ಬಂದಿತ್ತು. ಅವಳೇ ಎತ್ತಿಕೊಂಡಿದ್ದಳು, ಯಾರಿಗೂ ಹೇಳಿರಲಿಲ್ಲ. ಅಂದಿನಿಂದ ಅದು ಅವಳ ಏಪ್ರನ್ನಿನ ಜೇಬಿನಲ್ಲಿತ್ತು. ಬೆಲ್ಮೀರೊ ಅಂಗಡಿಗೆ ಬಂದಾಗಲೆಲ್ಲ ಅವಳ ಎದೆ ಹಗುರಾಗುತ್ತಿತ್ತು, ಜೇಬು ಜಗ್ಗುತ್ತಿತ್ತು. ಅವನನ್ನು ಪ್ರೀತಿಸುತ್ತಿದ್ದಾಳೆಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಗಂಟೆ ಹೊಡೆಸಲು ಮಾತ್ರ ಕೈ ಬರುತ್ತಿರಲಿಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ಅಸುಂತಾ ಚಿಕ್ಕಮ್ಮ ಏದುಸಿರು ಬಿಡುತ್ತಾ ಅಂಗಡಿಗೆ ಬಂದಳು. ಕರವಸ್ತ್ರ ಬಿಚ್ಚಿ ತೋರಿಸಿದಳು. ಹಿತ್ತಾಳೆಯ ಕೊಂಡಿ.

"ಬಂತು ಕಣೇ ಹುಡುಗಿ! ಆರನೇದು ಬಂತು! ಅದೇ ಜಾಗ, ಹಾಗೇ ನಿಂತಿತ್ತು."

ಲಿಯೊನಿಲ್ಡಾ ಜೇಬು ಮುಟ್ಟಿ ನೋಡಿಕೊಂಡಳು. ಆರನೆಯದು ಅಲ್ಲೇ ಇತ್ತು.

ಅವಳಿಗೆ ಕೋಪ ನೆತ್ತಿಗೇರಿತು. ಆ ಸೀಸವನ್ನು ಕಿತ್ತುಕೊಂಡು ದಡದ ಮೇಲಿನ ಬಸ್ಸಿನವರೆಗೆ ಓಡಿದಳು. ಬೆಲ್ಮೀರೊ ಮೆಟ್ಟಿಲ ಮೇಲೆ ಕೂತು ಜೋಳದ ರೊಟ್ಟಿಯ ಜೊತೆ ಸುಟ್ಟ ಸಾರ್ಡೀನ್ ತಿನ್ನುತ್ತಿದ್ದ.

"ನಾಚಿಕೆ ಆಗಲ್ವಾ ನಿಮಗೆ? ಚರ್ಚಿನಲ್ಲಿರೋದನ್ನ ನೋಡಿ ನಕಲು ಮಾಡಿದ್ರಾ? ಕಾಯೋಕೆ ಆಗಲ್ಲ ಅಂದ್ರೆ ಹೇಳಬೇಕಿತ್ತು!"

ಅವನು ಸೀಸವನ್ನು ತೆಗೆದುಕೊಂಡು ತಿರುಗಿಸಿ ನೋಡಿದ.

"ಚಿಪ್ಪು ನೋಡಿ, ನಿಲ್ಡಾ. ಕೊಂಡಿ ತುಂಬ ಹತ್ಕೊಂಡಿದೆ. ಸೀಸ ಬೇಕಾದ್ರೆ ಕರಗಿಸಿಯೇನು. ಚಿಪ್ಪು ಬೆಳೆಸೋಕೆ ನಂಗೆ ಬರುತ್ತಾ?"

ಅವಳು ಆಗಷ್ಟೇ ಸರಿಯಾಗಿ ನೋಡಿದಳು. ವರ್ಷಗಟ್ಟಲೆ ನೀರಿನಡಿ ಇದ್ದ ಸೀಸ. ಹಿತ್ತಾಳೆಯನ್ನು ಎಡಗಡೆಗೆ ಸುತ್ತಿದ ರೀತಿ ಅವಳದೇ.

"ಇದು ಆರನೇದು ಅಲ್ಲ ಅಂತ ನಿಮಗೆ ಹೇಗೆ ಗೊತ್ತು?" ಎಂದು ಬೆಲ್ಮೀರೊ ಮೆಲ್ಲಗೆ ಕೇಳಿದ.

ಅವಳು ಜೇಬಿನಿಂದ ಇನ್ನೊಂದನ್ನು ತೆಗೆದಳು.

ಅವನ ಮುಖ ಬಾಡಿದ್ದನ್ನು ಅವಳು ಕಣ್ಣಾರೆ ಕಂಡಳು. "ಎಷ್ಟು ದಿನದಿಂದ?"

"ನೀವು ಕೇಳೋಕೆ ಮುಂಚಿಂದ. ಗಂಟೆ ಹೊಡೆಸಿದ್ರೆ ನನ್ನ ಕೈಯಾರೆ ಅವನನ್ನ ಸಾಯಿಸಿದ ಹಾಗಾಗುತ್ತೆ ಅನ್ನಿಸ್ತಿತ್ತು. ನಿಮ್ಮನ್ನ ಕಳಿಸೋಕೂ ಆಗ್ತಿರಲಿಲ್ಲ. ಬಯ್ಯಿರಿ, ನಾನು ಅದಕ್ಕೆ ಲಾಯಕ್ಕು."

ಅವನು ಬಯ್ಯಲಿಲ್ಲ. "ಹಾಗಾದ್ರೆ ಈ ಏಳನೇದು ಯಾರದು?" ಎಂದ.

ಅವಳು ಆರು ಮಾತ್ರ ಮಾಡಿದ್ದಳು. ಅಚ್ಚು ಒಡೆದಿತ್ತು. ಇಬ್ಬರೂ ಒಟ್ಟಿಗೇ ನಯವಾದ ನೀರಿನ ಕಡೆ ನೋಡಿದರು.

"ನಿಮ್ಮ ಗಾಳದ ಕೋಲು ಕೊಡಿ" ಎಂದಳು ಲಿಯೊನಿಲ್ಡಾ.

ಮಂಜು ದಡದವರೆಗೂ ಬಂದಿತ್ತು. ಅವಳು ಏಳನೆಯ ಸೀಸವನ್ನು ಕೊಕ್ಕೆಯಿಲ್ಲದೆ ದಾರಕ್ಕೆ ಕಟ್ಟಿ ಸುಮ್ಮನಿರುವ ನೀರಿನೊಳಕ್ಕೆ ಎಸೆದಳು. ನೊರೆ ದಕ್ಷಿಣಕ್ಕೆ ಓಡುತ್ತಿತ್ತು. ದಾರ ಉತ್ತರಕ್ಕೆ ಹೊರಟಿತು. ಯಾವ ಅವಸರವೂ ಇಲ್ಲದೆ, ಸೀಸವನ್ನು ಕೈಯಲ್ಲಿ ಹಿಡಿದು ಯಾರೋ ತಳದಲ್ಲಿ ನಡೆದು ಹೋಗುತ್ತಿದ್ದ ಹಾಗೆ.

ಆಮೇಲೆ ಎಳೆತ ಶುರುವಾಯಿತು. ಮೀನಿನ ಎಳೆತದಲ್ಲಿ ಭಯವಿರುತ್ತದೆ. ಇದರಲ್ಲಿ ಇರಲಿಲ್ಲ. ಬಾ ಎನ್ನುವಷ್ಟೇ ಬಲ. ಅವಳು ಒಂದು ಹೆಜ್ಜೆಯಿಟ್ಟಳು, ಮತ್ತೊಂದಿಟ್ಟಳು. ನೀರು ಮೊಣಕಾಲಿಗೆ, ತೊಡೆಗೆ ಬಂತು. ಚಳಿ ತಿಳಿಯಲಿಲ್ಲ. ಮಂಜಿನೊಳಗಿಂದ ಯಾರೋ ಏನೋ ಕೂಗಿದರು, ನಗುತ್ತಾ. ಇನ್ನೆರಡು ಹೆಜ್ಜೆ ಹೋದರೆ ಈ ಸಲ ಮಾತು ಕೇಳಿಸೀತು ಎನ್ನಿಸಿತು.

"ನಿಲ್ಡಾ." ಬೆಲ್ಮೀರೊನ ದನಿ ಕಿವಿಯ ಪಕ್ಕದಲ್ಲೇ ಇತ್ತು. ಅವನೂ ನೀರಿಗಿಳಿದಿದ್ದ. "ಬಿಗಿ ಹಿಡೀಬೇಡ. ದಾರ ಬಿಡು."

ಅವಳು ಅತ್ತಳು. ಅಳುತ್ತಲೇ ರೀಲಿನ ತಡೆ ತೆಗೆದಳು. ದಾರ ಸುಯ್ಯೆಂದು ಓಡಿತು, ಓಡುತ್ತಲೇ ಇತ್ತು, ಕೊನೆಯ ಗಂಟಿನವರೆಗೂ ಬಿಚ್ಚಿಕೊಂಡು ಪಟ್ಟೆಂದು ತುಂಡಾಗಿ ಮಂಜಿನೊಳಗೆ ಹೋಯಿತು. ಆ ಕ್ಷಣದಲ್ಲೇ, ಎಂದೂ ಅಲೆಯೇಳದ ಆ ನೀರಿನಿಂದ ಒಂದು ಅಲೆ ಎದ್ದು ಬಂದು, ಎದೆಗೆ ಅಂಗೈಯಿಟ್ಟು ತಳ್ಳಿದಂತೆ ಅವಳನ್ನು ದಡದ ಕಡೆಗೆ ನೂಕಿತು. ಇಬ್ಬರೂ ಮರಳಿನ ಮೇಲೆ ಬಿದ್ದರು.

"ನೀನಾ ನನ್ನನ್ನ ಎಳೆದದ್ದು?" ಎಂದು ಉಸಿರು ಬಂದ ಮೇಲೆ ಕೇಳಿದಳು.

"ಇಲ್ಲ. ಸ್ವೆಟರಿನ ತುದಿ ಹಿಡ್ಕೊಂಡಿದ್ದೆ, ಅಷ್ಟೆ."

"ಎಳೀಬಾರದಾಗಿತ್ತಾ?"

"ಎಳೆದಿದ್ರೆ ನೀನು ಜನ್ಮಪೂರ್ತಿ ಆ ಕಡೆಗೇ ನೋಡ್ತಾ ಇರ್ತಿದ್ದೆ. ನೀನಾಗೇ ತಿರುಗಬೇಕಿತ್ತು."

"ತಿರುಗದೇ ಹೋಗಿದ್ರೆ?"

"ತುದಿ ಬಿಡ್ತಿರಲಿಲ್ಲ. ಜೊತೆಗೇ ಬರ್ತಿದ್ದೆ. ಈಜು ಬೇರೆ ಬರಲ್ಲ ನಂಗೆ."

ಅವಳಿಗೆ ನಗು ಬಂತು, ಅಳುವೂ ನಿಂತಿರಲಿಲ್ಲ. ಜೇಬಿನ ಸೀಸವನ್ನು ಅವನ ಅಂಗೈಯಲ್ಲಿಟ್ಟಳು. "ತಟ್ಟೆಗೆ ಹಾಕಿ ಬಾ. ಗಂಟೆ ಹೊಡೆಯೋಕೆ ಹೇಳು. ನಾನು ಇಲ್ಲೇ ಇದ್ದು ಕೇಳಿಸ್ಕೋತೀನಿ."

ಅವನು ಹೋದ. ಮಂಜಿನಲ್ಲಿ ಗಂಟೆ ಒಂದೊಂದಾಗಿ ಬಿತ್ತು. ಐದು ವರ್ಷದ ಅಳುವನ್ನೆಲ್ಲ ಲಿಯೊನಿಲ್ಡಾ ಅಲ್ಲೇ ಕೂತು ಅತ್ತಳು, ವಾಲ್ದೆಮಾರನ ಹೆಸರು ಹಿಡಿದು ಅತ್ತಳು. ಬೆಲ್ಮೀರೊ ತಿರುಗಿ ಬಂದು, ಸ್ವಲ್ಪ ದೂರದಲ್ಲೇ ನಿಂತು, ಅದು ಮುಗಿಯುವವರೆಗೂ ಕಾದ.

"ಈಗ ಕೇಳು" ಎಂದಳು ಮುಖ ಒರೆಸಿಕೊಂಡು.

"ಏನನ್ನ?"

"ಹೋದ ವರ್ಷ ಕೇಳಿದ್ದನ್ನ, ಪೆದ್ದ."

ಅವನು ಕೇಳಿದ. ದನಿ ಅವಳಿಗೂ ಸರಿಯಾಗಿ ಕೇಳದಷ್ಟು ಸಣ್ಣಗಿತ್ತು. ಅವಳು ಎದ್ದು ನಿಂತು, ಅವನ ಕೈ ಹಿಡಿದು, ಮುಖವನ್ನು ಸುಮ್ಮನಿರುವ ನೀರಿನ ಕಡೆಗೆ ಮಾಡಿ, ಅಲ್ಲಿದ್ದವನಿಗೂ ಕೇಳಿಸಲಿ ಎಂದು ಅಲೆಗಳಿಗಿಂತ ಜೋರಾಗಿ "ಹೂಂ" ಎಂದಳು.