ಎರವಲು ಪಡಿದೇಹ

ಪ್ರಣತಿ ಬಡಿಗೇರ ತನ್ನ ಪಡಿದೇಹವನ್ನು ಬೆಚ್ಚನೆಯ ತಟ್ಟೆಯಿಂದ ಎತ್ತಿ ಮೇಜಿನ ಮೇಲಿಟ್ಟಳು. ಬಿಸ್ಕತ್ತಿನಷ್ಟು ಅಗಲದ ಗಾಜಿನ ಬಿಲ್ಲೆ ಅದು. ಒಳಗೆ ಕೂದಲಿಗಿಂತ ಸಣ್ಣ ಕಾಲುವೆಗಳು; ಕಾಲುವೆಗಳ ದಂಡೆಯಲ್ಲಿ ಅವಳದೇ ಹೃದಯದ, ಮೂತ್ರಪಿಂಡದ, ಯಕೃತ್ತಿನ ಜೀವಕೋಶಗಳು. ಸಾಸಿವೆ ಕಾಳಿನಷ್ಟಿದ್ದ ಹೃದಯದ ಚೂರು ತನ್ನ ಪಾಡಿಗೆ ತಾನು ಬಡಿಯುತ್ತಿತ್ತು. ಪಕ್ಕದಲ್ಲಿ ಯಕೃತ್ತು ಎಳೆ ಹಸಿರಾಗಿ ಬೆಳಗುತ್ತಿತ್ತು. ಕೋಶಗಳಲ್ಲಿ ಜೀವ ಗಟ್ಟಿಯಿರುವಷ್ಟು ಹೊತ್ತು ಬೆಳಗುವಂಥ ಬಣ್ಣವೊಂದನ್ನು ಅವಕ್ಕೆ ಕುಡಿಸಿರುತ್ತಾರೆ. ಪ್ರಣತಿ ಔಷಧದ ಒಂದು ಹನಿಯನ್ನು ಬಿಲ್ಲೆಯ ಬಾಯಿಗೆ ಬಿಟ್ಟಳು. ಮನುಷ್ಯನ ಮೈಯಲ್ಲಿ ಒಂದು ವಾರ ಹಿಡಿಯುವ ಕೆಲಸ ಇಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅರ್ಧ ಗಂಟೆ ಕಳೆದರೂ ಹಸಿರು ಹಸಿರಾಗಿಯೇ ಉಳಿಯಿತು.

"ನಿನ್ನ ಪಡಿ ಭಾಳ ಶಾಣ್ಯಾ ಐತಿ ನೋಡ," ಎಂದಳು ಪಕ್ಕದಲ್ಲಿ ನಿಂತಿದ್ದ ಸಲ್ಮಾ ನದಾಫ. "ನಂದು ನನ್ನಂಗ ಸೋಂಬೇರಿ."

ಇಬ್ಬರೂ ಗದಗಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ಬಿ.ಫಾರ್ಮ್ ಮೂರನೆಯ ವರ್ಷದವರು, ಹಾಸ್ಟೆಲಿನ ಒಂದೇ ಕೋಣೆಯವರು. ಅವರ ಅಜ್ಜಿಯರ ಕಾಲದಲ್ಲಿ ಈ ಪಾಠ ಕಲಿಯಲು ಕಪ್ಪೆ, ಇಲಿ ಬೇಕಾಗುತ್ತಿದ್ದವಂತೆ; ಆಮೇಲೆ ಕಂಪ್ಯೂಟರಿನಲ್ಲಿ ಬರಿಯ ಚಿತ್ರ ನೋಡಿ ಕಲಿಯುವುದು ಬಂತಂತೆ. ಪಡಿದೇಹ ಬಂದ ಮೇಲೆ ಅವೆಲ್ಲ ಮೂಲೆಗೆ ಸರಿದವು. ಈಗ ಕಾಲೇಜಿಗೆ ಸೇರಿದಾಗಲೇ ಬೆರಳ ತುದಿಯಿಂದ ನಾಲ್ಕು ಹನಿ ರಕ್ತ ತೆಗೆದುಕೊಳ್ಳುತ್ತಾರೆ. ಆ ಕೋಶಗಳಿಗೆ ತಾವು ರಕ್ತವೆಂಬುದನ್ನು ಮರೆಸಿ, ಕೆಲವಕ್ಕೆ ಯಕೃತ್ತಾಗಲು, ಕೆಲವಕ್ಕೆ ಹೃದಯವಾಗಲು ಕಲಿಸುತ್ತಾರೆ. ಮೂರು ವಾರಕ್ಕೆ ಬಿಲ್ಲೆ ತಯಾರು. ಅದು ಸತ್ತರೆ, ತಣ್ಣಗೆ ಕಾಪಿಟ್ಟ ಕೋಶಗಳಿಂದ ಇನ್ನೊಂದನ್ನು ಬೆಳೆಸಬಹುದು. ಒಬ್ಬರಿಗೆ ಗುಣ ಕೊಟ್ಟ ಮದ್ದು ಇನ್ನೊಬ್ಬರಿಗೆ ನಂಜಾಗುವುದನ್ನು ಮೊದಲೇ ಕಂಡುಕೊಳ್ಳಬೇಕೆಂದು ಇದನ್ನು ಮಾಡಿದವರು ಡಾ. ವಿಶಾಲಾಕ್ಷಿ ಕಡಕೋಳ. ದೊಡ್ಡ ದೊಡ್ಡ ಕಡೆಯಿಂದ ಕರೆ ಬಂದರೂ ಹೋಗದೆ ಇದೇ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದರು.

ಆ ವರ್ಷದ ಪ್ರಾಕ್ಟಿಕಲ್ ಬರಿಯ ಪಾಠವಾಗಿರಲಿಲ್ಲ. ಮಳೆಗಾಲ ಬಂತೆಂದರೆ ಹೊಳೆದಂಡೆಯ ಊರುಗಳಲ್ಲಿ ಹಳ್ಳಜ್ವರ ಏಳುತ್ತಿತ್ತು, ಜನ ಸಾಯುತ್ತಿದ್ದರು. ಅದಕ್ಕೆ ತಾಪಹರ ಎಂಬ ಹೊಸ ಗುಳಿಗೆ ಬಂದಿತ್ತು. ರೋಗಿಗಳ ಮೇಲೆ ಪರೀಕ್ಷಿಸುತ್ತ ಕೂತರೆ ವರ್ಷಗಳು ಹೋಗುತ್ತವೆ. ನಾಡಿನ ಎಲ್ಲ ಫಾರ್ಮಸಿ ಕಾಲೇಜುಗಳ ಮಕ್ಕಳು ತಂತಮ್ಮ ಪಡಿದೇಹಗಳ ಮೇಲೆ ಪರೀಕ್ಷಿಸಿದರೆ ಒಂದು ಬೇಸಿಗೆ ಸಾಕು. ಪ್ರತಿಯೊಬ್ಬರ ರೀಡಿಂಗೂ ಅವರವರ ಆರೋಗ್ಯದ ನಂಬರಿಗೆ ಸೇರುತ್ತದೆ. ಎಲ್ಲರದೂ ಕೂಡಿ, ಊರಿಗೆಲ್ಲ ಎಷ್ಟು ಗುಳಿಗೆ ಕೊಡಬೇಕೆಂಬುದು ನಿರ್ಧಾರವಾಗುತ್ತದೆ.

ಮೊದಲು ಮುಗಿಸಿದ ಕಾಲೇಜುಗಳಲ್ಲಿ ಯಕೃತ್ತಿನ ಬೆಳಕು ನೂರಕ್ಕೆ ತೊಂಬತ್ತರಷ್ಟು ಉಳಿದಿತ್ತು. ಮಕ್ಕಳ ಕೈಯಲ್ಲಿ ಅಳತೆ ತಪ್ಪುವುದು ಇದ್ದದ್ದೇ ಎಂದು, ತೊಂಬತ್ತಕ್ಕೆ ಹತ್ತಿರ ಬಂದವರಿಗೆ ಹೆಚ್ಚು ಮಾರ್ಕು, ದೂರ ಹೋದವರಿಗೆ ಕಡಿಮೆ ಎಂದು ವಿಶಾಲಾಕ್ಷಿ ಮೇಡಂ ಗೊತ್ತುಮಾಡಿದ್ದರು.

ಸಲ್ಮಾ ತನ್ನ ಬಿಲ್ಲೆಗೆ ಹನಿ ಬಿಟ್ಟಳು. ಸ್ವಲ್ಪ ಹೊತ್ತಿಗೆ ಹಸಿರು ಮಬ್ಬಾಯಿತು. ಆಮೇಲೆ ಹಂಚಿನ ಮೇಲೆ ಮರೆತ ರೊಟ್ಟಿಯ ಹಾಗೆ ಅಂಚಿನಿಂದ ಕಪ್ಪಾಗುತ್ತ ಬಂದು ಪೂರ್ತಿ ಆರಿಹೋಯಿತು.

"ಯಾ ಅಲ್ಲಾ! ನೀರು ಕೂಡಸೂದು ಮರತೆ ಕಾಣ್ತೈತಿ ಲೇ. ಹತ್ತು ಪಟ್ಟು ಗಟ್ಟಿ ಹಾಕೀನಿ."

"ಹೊಸಾ ಬಿಲ್ಲಿ ಕೇಳ ಮೇಡಂನ."

"ಕೇಳಿದ್ರ ಮೂರು ವಾರ. ಅಷ್ಟರಾಗ ಇಂಟರ್ನಲ್ಸ್ ಮುಗದು ನನ್ನ ದಿನಾನೂ ಮುಗದಿರತಾವ. ನಿಂದ ಒಂದೀಟು ಕೊಡ ನಮ್ಮವ್ವಾ."

ಪಡಿ ಕೊಡುವುದು ಆ ಮಕ್ಕಳಲ್ಲಿ ಬಿಳಿ ಕೋಟು ಎರವಲು ಕೊಟ್ಟಷ್ಟೇ ಸಲೀಸು. ಪ್ರತಿ ಕ್ಲಾಸಿನಲ್ಲೂ ಹೇಳಿದ ಮಾತು ಕೇಳುವಂಥ ಒಂದು ಬಿಲ್ಲೆ ಇರುತ್ತಿತ್ತು. ಮೂರನೆಯ ವರ್ಷದಲ್ಲಿ ಅದು ಪ್ರಣತಿಯದು. ಉಪ್ಪುನೀರಿನಲ್ಲಿ ತೊಳೆದರೆ ಮತ್ತೆ ಪರೀಕ್ಷೆಗೆ ತಯಾರು. ಯಾರ ಬಿಲ್ಲೆ ಎಂಬುದನ್ನು ಯಂತ್ರ ಕೇಳುತ್ತಿರಲಿಲ್ಲ, ವಿದ್ಯಾರ್ಥಿ ಒತ್ತಿದ ನಂಬರನ್ನೇ ನಂಬುತ್ತಿತ್ತು. ಪ್ರಣತಿ ಆ ವಾರ ಆಗಲೇ ಆರು ಜನಕ್ಕೆ ಕೊಟ್ಟಿದ್ದಳು. ಇಲ್ಲವೆನ್ನಲು ಬಾಯಿ ಬರುತ್ತಿರಲಿಲ್ಲ. ಬೇಕಾದವಳಾಗಿರುವುದು ಅವಳಿಗೆ ಹಿತವಾಗಿಯೂ ಇತ್ತು. ಬಿಲ್ಲೆ ತೊಳೆದು, ಹನಿ ಬಿಟ್ಟು, ಸಲ್ಮಾಳ ನಂಬರನ್ನು ತಾನೇ ಒತ್ತಿದಳು. ತೊಂಬತ್ತೊಂದು ಬಂತು.

"ನನ್ನ ಲಿವರಿಗೆ ಎಂಥಾ ಸಂಸ್ಕಾರ ಬಂತು ನೋಡ," ಎಂದು ಸಲ್ಮಾ ನಕ್ಕಳು.

ಮಳೆಗಾಲ ಬಂತು. ತಾಪಹರ ಎಲ್ಲ ಆಸ್ಪತ್ರೆಗಳಿಗೂ ಹೋಯಿತು. ಜ್ವರ ಕಾಲೇಜಿನ ಹಾಸ್ಟೆಲಿಗೂ ಬಂದು, ಮೊದಲು ಮಲಗಿದವರಲ್ಲಿ ಸಲ್ಮಾ ಒಬ್ಬಳಾದಳು. ಆಸ್ಪತ್ರೆಯವರು ಅವಳ ನಂಬರ್ ಒತ್ತಿದರು: ಪೂರ್ತಿ ಪ್ರಮಾಣ ಕೊಡಬಹುದು ಎಂದು ಬಂತು. ಬೇರೆ ರೋಗಿಗಳಿಗಾದರೆ ದಿನವೂ ರಕ್ತ ತೆಗೆದು ಯಕೃತ್ತು ಹೇಗಿದೆಯೆಂದು ನೋಡುತ್ತಿದ್ದರು. ಇವಳದು ಮೊದಲೇ ಪರೀಕ್ಷೆಯಾದ ದೇಹ. ಅದರ ಅಗತ್ಯ ಯಾರಿಗೂ ಕಾಣಲಿಲ್ಲ.

ಪ್ರಣತಿ ನೋಡಲು ಹೋದಾಗ ಸಲ್ಮಾ ದಿಂಬಿಗೊರಗಿ ಕೂತಿದ್ದಳು. ಜ್ವರ ಇಳಿದಿತ್ತು. ಆದರೆ ಕಣ್ಣಿನ ಬಿಳಿ ಅರಿಸಿನ ನೀರಿನ ಬಣ್ಣಕ್ಕೆ ತಿರುಗಿತ್ತು.

"ನಾವ ಪಾಸ್ ಮಾಡಿದ ಗುಳಿಗಿ ಲೇ ಪ್ರಣಿ," ಎಂದು ಸಲ್ಮಾ ಗುಳಿಗೆಯ ಪಟ್ಟಿ ತೋರಿಸಿದಳು. ನಗಲು ಹೋದವಳು ಅರ್ಧಕ್ಕೇ ನಿಲ್ಲಿಸಿದಳು. "ಒಂದ ಮಾತು ಕೇಳಲಾ? ಅವತ್ತು ನಾ ನೀರು ಹಾಕಿದ್ದೆ. ಈಗ ನೆನಪಾಗಾಕತ್ತೈತಿ. ನನ್ನ ಪಡಿ ಕಪ್ಪಾಗಿದ್ದು ಖರೇನ ಇತ್ತೇನ?"

ಪ್ರಣತಿ ಬಾಗಿಲ ಕಡೆ ತಿರುಗಿದಳು. "ಡಾಕ್ಟರಿಗೆ ಹೇಳೂಣು."

"ಹುಚ್ಚಿ! ಹೇಳಿದ್ರ ಡಿಬಾರ್ ಮಾಡ್ತಾರ. ನಂದೂ ವರ್ಷ ಹೊಕ್ಕೈತಿ, ನಿಂದೂ ಹೊಕ್ಕೈತಿ, ಇಸಕೊಂಡವ್ರದೆಲ್ಲಾ ಹೊಕ್ಕೈತಿ. ಕಾಮಣಿ ಇರಬೇಕು, ಇಳಿತೈತಿ ಬಿಡ. ನಾಳಿ ನೋಡೂಣಂತ."

ಹೇಳಬೇಡ ಎಂದದ್ದು ಸಲ್ಮಾಳೇ. ಆ ಮಾತಿನ ನೆರಳಿನಲ್ಲಿ ಪ್ರಣತಿ ಒಂದು ದಿನ ಕೂತಳು. ಕ್ಲಾಸಿಗೆ ಹೋದಳು, ಊಟ ಮಾಡಿದಳು, ಆಸ್ಪತ್ರೆಗೆ ಫೋನು ಮಾಡಿ "ಆರಾಮೇನ?" ಎಂದು ಕೇಳಿದಳು. ಸಲ್ಮಾ ಹೂಂ ಎಂದಳು. ಮರುದಿನ ಫೋನು ಎತ್ತಿದವಳು ಅವಳ ತಾಯಿ ಮಾಬೂಬಿ. "ಮಾತು ತಡವರಸಾಕತ್ತಾಳವಾ, ನನ್ನ ಗುರುತ ಹಿಡೀವಲ್ಲಳು," ಎಂದಳು.

ಪ್ರಣತಿ ಓಡಿದ್ದು ವಿಶಾಲಾಕ್ಷಿ ಮೇಡಂ ಕೋಣೆಗೆ. ಒಂದೇ ಉಸಿರಿಗೆ ಹೇಳಿಬಿಟ್ಟಳು. ಮೇಡಂ ಪೂರ್ತಿ ಕೇಳುವ ಮೊದಲೇ ಆಸ್ಪತ್ರೆಗೆ ಫೋನು ಮಾಡಿ ಗುಳಿಗೆ ನಿಲ್ಲಿಸಲು ಹೇಳಿದರು. ಆಮೇಲೆ ಇವಳ ಕಡೆ ತಿರುಗಿದರು.

"ಎಷ್ಟು ಮಂದಿಗೆ ಕೊಟ್ಟಿದ್ದಿ?"

"ಸಲ್ಮಾನೂ ಹಿಡದು ಏಳು ಮಂದಿರಿ, ಮೇಡಂ."

"ಹಿಂದಿನ ವರ್ಷದವ್ರು?"

"ಅವ್ರೂ ಕೊಡತಿದ್ರು. ನಮಗ ಹೇಳಿಕೊಟ್ಟವ್ರ ಅವ್ರು. ಎಲ್ಲಾ ಕಾಲೇಜಿನ್ಯಾಗೂ ಹಿಂಗ ಐತ್ರಿ."

ವಿಶಾಲಾಕ್ಷಿ ಮೇಡಂ ತಾಪಹರದ ಒಪ್ಪಿಗೆಯ ಕಾಗದ ತೆಗೆದು ಮುಂದಿಟ್ಟುಕೊಂಡರು. ಸಾವಿರಾರು ದೇಹಗಳು ಒಪ್ಪಿದ ಗುಳಿಗೆ ಅದೆಂದು ಅವರೇ ಸಹಿ ಹಾಕಿದ್ದರು. ಹಾಗಾದರೆ ಒಪ್ಪಿದ ದೇಹಗಳೆಷ್ಟು? ಕ್ಲಾಸಿಗೊಂದು ಗಟ್ಟಿ ಬಿಲ್ಲೆ, ಅದನ್ನೇ ಮತ್ತೆ ಮತ್ತೆ ಎಣಿಸಿದ್ದು. ಆರಿಹೋದ ಬಿಲ್ಲೆಗಳನ್ನು ತೊಳೆದು ಕಸದ ಡಬ್ಬಿಗೆ ಹಾಕಿದ್ದರು.

"ನನ್ನ ಡಿಬಾರ್ ಮಾಡ್ರಿ ಮೇಡಂ," ಎಂದು ಪ್ರಣತಿ ಅತ್ತಳು.

"ನಿನ್ನ ಮಾಡ್ತೀನವಾ. ನನ್ನ ಯಾರು ಮಾಡೂವ್ರು?" ಎಂದರು ಅವರು. "ಒಬ್ಬೊಬ್ಬರ ಮೈ ಒಂದೊಂದು ಥರ ಅಂತ ತೋರಿಸೂ ಸಲುವಾಗಿ ಇದನ್ನ ಮಾಡಿದಾಕಿ ನಾನು. ಮತ್ತ ಎಲ್ಲಾರಂಗ ಬಂದವ್ರಿಗೆ ಮಾರ್ಕು ಕೊಟ್ಟಾಕೀನೂ ನಾನ."

ಸಲ್ಮಾ ಉಳಿಯಲಿಲ್ಲ.

ಮಣ್ಣಾದ ಮೂರು ವಾರಗಳ ಮೇಲೆ ಮಾಬೂಬಿ ಕಾಲೇಜಿಗೆ ಬಂದಳು. ನಡೆದದ್ದನ್ನೆಲ್ಲ ತಿಳಿಸಿ, ಮಗಳ ಕೋಶಗಳು ಇನ್ನೂ ತಣ್ಣನೆಯ ಪೆಟ್ಟಿಗೆಯಲ್ಲಿವೆಯೆಂದೂ, ಅವುಗಳಿಂದ ಬೆಳೆಸಿದ ಹೊಸ ಬಿಲ್ಲೆಗಳನ್ನು ಮುಟ್ಟಬೇಕಾದರೆ ಮನೆಯವರ ಒಪ್ಪಿಗೆ ಬೇಕೆಂದೂ ಅವಳಿಗೆ ಹೇಳಿ ಕಳಿಸಿದ್ದರು. ಡಿಬಾರ್ ಆಗಿದ್ದರೂ ಈ ಕೆಲಸಕ್ಕೆಂದು ಮೇಡಂ ಕರೆಸಿದ್ದ ಪ್ರಣತಿ ತಟ್ಟೆಯನ್ನು ತಂದು ಎದುರಿಗಿಟ್ಟಳು. ಮಾಬೂಬಿ ಬಗ್ಗಿ ನೋಡಿದಳು.

"ಇದು ಬಡ್ಯಾಕತ್ತೈತಲ್ಲಾ ಬೇಟಾ, ಇದು ಆಕಿ ಎದಿ ಏನ?"

"ಆಕೀದ್ರಿ, ಚಾಚಿ. ಆದ್ರ ಇದು ಆಕಿ ಅಲ್ರಿ. ಇದಕ್ಕ ನೋವಿಲ್ಲ, ನೆನಪಿಲ್ಲ."

"ನನಗೈತಲ್ಲ," ಎಂದಳು ಮಾಬೂಬಿ. ಸೆರಗಿನಿಂದ ಮುಖ ಒರೆಸಿಕೊಂಡಳು. "ಇದನ್ನ ಇಟ್ಟಕೊಂಡು ಏನ ಮಾಡ್ತೀರಿ?"

ಸುಳ್ಳು ಹೇಳಲು ಇನ್ನು ಜಾಗವಿರಲಿಲ್ಲ. "ಎಷ್ಟು ಗುಳಿಗಿಗೆ ಆರತೈತಿ, ಎಷ್ಟಕ್ಕ ಉಳೀತೈತಿ ಅಂತ ನೋಡಬೇಕ್ರಿ. ಆಕಿಯಂಥ ಮೈ ಇನ್ನೂ ಎಷ್ಟು ಮಂದೀದ ಐತೋ ಗೊತ್ತಿಲ್ಲ. ಕೆಲವು ಬಿಲ್ಲಿ ಸಾಯ್ತಾವ್ರಿ."

"ನೀನ ಮಾಡ್ತೀಯೇನ?"

"ನಾನ ಮಾಡ್ತೀನ್ರಿ."

"ನನ್ನ ಎದರಿಗೆ ಮಾಡ," ಎಂದು ಮಾಬೂಬಿ ಸ್ಟೂಲು ಎಳೆದುಕೊಂಡು ಕೂತಳು. "ಮದಲನೇ ಸಲ ಆರಿದಾಗ ನೀವಿಬ್ಬರ ನೋಡಿ ತೊಳದಿರಿ. ಈ ಸಲ ನಾ ನೋಡತೀನಿ. ಮುಗದ ಮ್ಯಾಲ ಎಲ್ಲಾ ನನಗ ಕೊಡ್ರಿ, ಆಕಿ ಬಾಜೂಕ ಮಣ್ಣ ಮಾಡ್ತೀನಿ."

ಪ್ರಣತಿ ಪೂರ್ತಿ ಪ್ರಮಾಣದಿಂದ ಶುರುಮಾಡಿ ಇಳಿಸುತ್ತ ಬಂದಳು. ಪೂರ್ತಿಗೆ ಆರಿತು. ಮುಕ್ಕಾಲಿಗೂ ಆರಿತು. ಅರ್ಧಕ್ಕೆ ಮಬ್ಬಾಗಿ, ಒದ್ದಾಡಿ, ಆರಿತು. ಕೊನೆಯ ಬಿಲ್ಲೆ ಅರ್ಧ ಗಂಟೆ ಕಳೆದರೂ ಎಳೆ ಹಸಿರಾಗಿ ಬೆಳಗುತ್ತಲೇ ಇತ್ತು.

"ಎಷ್ಟು ಹಾಕಿದಿ ಇದಕ್ಕ?" ಎಂದಳು ಮಾಬೂಬಿ.

"ಕಾಲು ಗುಳಿಗಿ, ಚಾಚಿ."

ಮಾಬೂಬಿ ಆರಿದ ಬಿಲ್ಲೆಗಳನ್ನು ಸೆರಗಿನಲ್ಲಿ ಕಟ್ಟಿಕೊಳ್ಳತೊಡಗಿದಳು.

ಬರಬೇಕಾದ ಉತ್ತರವನ್ನೇ ತೋರಿಸುವ ಈ ಚಾಳಿ ಪಡಿದೇಹದ ಜೊತೆ ಹುಟ್ಟಿದ್ದಲ್ಲ. ಈ ಶತಮಾನದ ಮೊದಲ ಭಾಗದಲ್ಲಿ, ಹನಿ ಅಳೆಯುವ ಗಾಜಿನ ಬ್ಯುರೆಟ್ಟು ಹಿಡಿದು ನಿಂತ ಮಕ್ಕಳೂ ಹೀಗೇ ಮಾಡುತ್ತಿದ್ದರು. ಹನಿ ಎಷ್ಟು ಬಿದ್ದಿತೆಂದು ನೋಡುವ ಬದಲು ಉತ್ತರ ಎಷ್ಟು ಬರಬೇಕೆಂದು ಅಕ್ಕಂದಿರನ್ನು, ಅಣ್ಣಂದಿರನ್ನು ಕೇಳಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹೊಂದಿಸುತ್ತಿದ್ದರು. ಮೇಷ್ಟರಿಗೂ ಗೊತ್ತಿರುತ್ತಿತ್ತು. ಅದರಿಂದ ಯಾರೂ ಸಾಯುತ್ತಿರಲಿಲ್ಲ, ಅಥವಾ ಸತ್ತದ್ದು ಯಾರಿಗೂ ತಿಳಿಯುತ್ತಿರಲಿಲ್ಲ.

ಶಿಕ್ಷೆ ಇಲ್ಲ, ಪಡಿ ಕೊಟ್ಟವರೂ ತೆಗೆದುಕೊಂಡವರೂ ಹೇಳಿಕೊಳ್ಳಿ ಎಂದು ಎಲ್ಲ ಕಾಲೇಜುಗಳಿಗೂ ಸುತ್ತೋಲೆ ಹೋಯಿತು. ಬಂದು ಹೇಳಿದವರು ಬೆರಳೆಣಿಕೆಯಷ್ಟು. ಎಲ್ಲರ ಬಿಲ್ಲೆಗಳನ್ನೂ ಹೊಸದಾಗಿ ಬೆಳೆಸಿ ನೋಡುವಷ್ಟರಲ್ಲಿ ಚಳಿಗಾಲ ಬರುತ್ತದೆ. ಜ್ವರ ಅಲ್ಲಿಯವರೆಗೆ ಕಾಯುವಂಥದ್ದಲ್ಲ. ಆಸ್ಪತ್ರೆಯವರು ಬೇರೆ ದಾರಿ ಕಾಣದೆ, ರೋಗಿ ಫಾರ್ಮಸಿ ವಿದ್ಯಾರ್ಥಿಯಾಗಿದ್ದರೆ ಪ್ರಾಕ್ಟಿಕಲ್ ದಿನ ಅವರ ಮಗ್ಗುಲಲ್ಲಿ ಯಾರು ನಿಂತಿದ್ದರೆಂದು ಹುಡುಕಿ ಫೋನು ಮಾಡತೊಡಗಿದರು.

ಪ್ರಣತಿಗೂ ಒಂದು ಬಂತು. ಲಕ್ಷ್ಮೇಶ್ವರದ ಡಾಕ್ಟರು.

"ನಿಜಗುಣ ಹಡಪದ ಅಂತ, ನಿಮ್ಮ ಕ್ಲಾಸಿನವನೇನಮ್ಮಾ? ಮೈಮ್ಯಾಲ ಎಚ್ಚರಿಲ್ಲ. ರೀಡಿಂಗು ತೊಂಬತ್ತು ಅಂತ ಐತಿ. ಅದು ಅವನದ ಏನು? ನೀವು ಕಣ್ಣಾರೆ ನೋಡೀರೇನು?"

ಪ್ರಣತಿ ಕಣ್ಣು ಮುಚ್ಚಿ ಆ ದಿನವನ್ನು ಕಣ್ಣಿಗೆ ತಂದುಕೊಂಡಳು. ನಿಜಗುಣ ಹಿಂದಿನ ಮೇಜಿನಲ್ಲಿದ್ದ. ಒಮ್ಮೆ ಎದ್ದು ಎಲ್ಲಿಗೋ ಹೋಗಿ ಬಂದಿದ್ದ. ಕೈಯಲ್ಲಿ ಬಿಲ್ಲೆ ಇತ್ತೋ, ಬರಿಗೈಯೋ?

"ನನ್ನ ಕಡೆಯಿಂದ ಅಂವ ಇಸಕೊಂಡಿಲ್ರಿ."

"ಬ್ಯಾರೆದವ್ರ ಕಡೆಯಿಂದ? ಲಗೂ ಹೇಳಮ್ಮಾ, ರಕ್ತ ನೋಡಕೋತ ಕೂಡೂವಷ್ಟು ಹೊತ್ತಿಲ್ಲ. ಪೂರ್ತಿ ಕೊಟ್ರ ಲಿವರ್ ಹೋದೀತು. ಕಾಲು ಕೊಟ್ರ ಜ್ವರ ನಿಲ್ಲದ ಇದ್ದೀತು. ಯಾವುದು ಕೊಡ್ಲಿ?"

ಇನ್ನೊಬ್ಬರ ನಂಬರನ್ನು ಇದುವರೆಗೆ ಎಷ್ಟು ಸುಲಭವಾಗಿ ಒತ್ತಿದ್ದಳು. ಆ ಬದಿಯಲ್ಲಿ ಯಾರೋ ಹೆಂಗಸು ಅಳುತ್ತಿರುವುದು ಕೇಳಿಸುತ್ತಿತ್ತು.

"ಗೊತ್ತಿಲ್ರಿ, ಸರ್," ಎಂದಳು ಪ್ರಣತಿ. "ನಾ ನೋಡಿಲ್ಲ."