ಒಂದು ಚೊಂಬು ಸಮುದ್ರ

ನನ್ನ ಮೂಗಿಗೂ ನೀರಿಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗವಿತ್ತು.

ಕತ್ತಿನ ಮೇಲೆ ಡ್ರೈವರ್ ಶ್ರೀನಿವಾಸನ ಕೈ. ಕೈಯಲ್ಲ ಅದು, ಬೋರ್‌ವೆಲ್ ಪೈಪು! ಕೆಳಗೆ ಉಪ್ಪುನೀರು. ಹೊಟ್ಟೆ ಮೇಲಾಗಿ ತೇಲುತ್ತಿದ್ದ ಹಳದಿ ಮೀನೊಂದು ನನ್ನನ್ನೇ ನೋಡುತ್ತಿತ್ತು...

"ಸಹಿ ಮಾಡ್ತೀಯೋ, ಇದನ್ನ ಕುಡೀತೀಯೋ?"

ಕೇಳಿದವನು ಮೈಲಾರೇಶ. ಮನೆಯ ಯಜಮಾನನ ಹೆಂಡತಿಯ ತಮ್ಮ. ಎರಡೂ ಕೈ ಪ್ಯಾಂಟಿನ ಕಿಸೆಯಲ್ಲಿಟ್ಟುಕೊಂಡು, ಫ್ಲೆಕ್ಸ್‌ಗೆ ಫೋಟೋ ತೆಗೆಸಿಕೊಳ್ಳುವವನ ಹಾಗೆ ನಿಂತಿದ್ದ.

"ಕುಡಿಯಾಕ ಅಡ್ಡಿಯಿಲ್ಲ," ಅಂದೆ. "ಆದ್ರ ನನಗ ಬಿ.ಪಿ. ಐತಿ. ಡಾಕ್ಟರ್ರು ಉಪ್ಪು ಬ್ಯಾಡ ಅಂದಾರ."

ಮೂಗು ಇನ್ನೆರಡು ಬೆರಳು ಕೆಳಗಿಳಿಯಿತು!

ಹೇಳುತ್ತೇನೆ, ಕೇಳಿ. ನನ್ನ ಹೆಸರು ಓಬಳೇಶಪ್ಪ. ವಯಸ್ಸು ಅರವತ್ತೆಂಟು. ಮೂವತ್ತು ವರ್ಷ ಸರ್ಕಾರದ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿದವನು. ಈಗಲೂ ಯಾರದಾದರೂ ಬಾವಿಗೆ ಯಾರಾದರೂ ಏನಾದರೂ ಸುರಿದರೆ, ಪೊಲೀಸರಿಗಿಂತ ಮೊದಲು ನನಗೆ ಫೋನ್ ಬರುತ್ತದೆ. ನನ್ನ ಸಹಿಗೆ ಸ್ಟೇಷನ್ನಿನಲ್ಲಿ ಇನ್ನೂ ಬೆಲೆಯಿದೆ. ಆ ಸಹಿಯೇ ಇವರಿಗೆ ಬೇಕಾಗಿತ್ತು.

ಹರಪನಹಳ್ಳಿಯಿಂದ ಸಮುದ್ರ ನೋಡಬೇಕಾದರೆ ಒಂದು ಹಗಲೆಲ್ಲ ಬಸ್ಸಿನಲ್ಲಿ ಕೂರಬೇಕು. ಈ ಮನೆಯ ಯಜಮಾನ ಹೊನ್ನೂರಸ್ವಾಮಿಗೆ ಅಷ್ಟು ಪುರುಸೊತ್ತಿಲ್ಲ. ಸಮುದ್ರವನ್ನೇ ಹಾಲ್‌ಗೆ ತರಿಸಿದ. ಹನ್ನೆರಡು ಅಡಿ ಗಾಜಿನ ತೊಟ್ಟಿ, ಒಳಗೆ ಜೀವಂತ ಹವಳ, ಬಣ್ಣದ ಮೀನು, ನೀಲಿ ಲೈಟು! ಬೋರ್‌ವೆಲ್ ಲಾರಿಗಳ ಧಣಿ. ತಾಲ್ಲೂಕಿನ ನೆಲಕ್ಕೆಲ್ಲ ತೂತು ಹಾಕಿದವನು. ದೇವರ ಕೋಣೆ ಎಲ್ಲಿದೆ ಗೊತ್ತೇ? ಮೆಟ್ಟಿಲ ಕೆಳಗೆ, ಚಪ್ಪಲಿ ಕಪಾಟಿನ ಪಕ್ಕ.

ಮೇಜಿನ ಮೇಲೆ ಕಾಗದವಿತ್ತು. "ಕೋಮಲಾ ಎಂಬಾಕೆ ಮೀನಿನ ನೀರಿಗೆ ವಿಷ ಹಾಕಿರುವುದನ್ನು ಪರೀಕ್ಷಿಸಿ ಖಚಿತಪಡಿಸಿದ್ದೇನೆ." ಆಗಲೇ ಟೈಪಾಗಿತ್ತು!

ಪರೀಕ್ಷೆಗೆ ಮೊದಲೇ ರಿಪೋರ್ಟು. ಭೇಷ್!

ಕೋಮಲಾ ಮೆಟ್ಟಿಲ ಮೇಲೆ ಕುಳಿತಿದ್ದಳು. ಹಡಗಲಿಯ ಭೀಮರಾಜನ ಮಗಳು, ಬಿ.ಎಸ್ಸಿ. ಓದಿದವಳು. ಈ ತೊಟ್ಟಿ ನೋಡಿಕೊಳ್ಳುವುದು ಅವಳ ಕೆಲಸ. ಸೋಮವಾರ ಹೊಸಪೇಟೆಯಲ್ಲಿ ಸರ್ಕಾರಿ ನೌಕರಿಗೆ ಸೇರಬೇಕು. ಆರ್ಡರ್ ಕೈಗೆ ಬಂದಿದೆ, ಪೊಲೀಸ್ ವೆರಿಫಿಕೇಶನ್ ಒಂದೇ ಬಾಕಿ. ಇವತ್ತು ಅವಳ ಮೇಲೆ ಕೇಸು ಬಿದ್ದರೆ... ಮುಗಿಯಿತು!

"ಬಿಡಲೇ ಅವರನ್ನ," ಅಂದ ಸೋಫಾದಲ್ಲಿದ್ದ ಹೊನ್ನೂರಸ್ವಾಮಿ. "ಹಿರೇರು. ತಾವಾಗೇ ಸಹಿ ಮಾಡ್ತಾರ."

ಕತ್ತು ಸಡಿಲವಾಯಿತು. ಅಂಗಿಯ ಗುಂಡಿ ಹಾಕಿಕೊಂಡೆ. ಒಂದೇ ಉಳಿದಿತ್ತು.

"ಏನಾತವ್ವಾ?" ಅಂತ ಕೋಮಲಾಳನ್ನು ಕೇಳಿದೆ.

"ಮೂರು ದಿನದಿಂದ ಪಿ.ಎಚ್. ಇಳಿಯಾಕ ಹತ್ತಿತ್ತು ಅಜ್ಜಾ. ಎಂಟು ಪಾಯಿಂಟ್ ಎರಡು ಇರಬೇಕಾದ್ದು ಏಳು ಪಾಯಿಂಟ್ ಏಳಕ್ಕ ಬಂತು."

"ಯಾಕ?"

"ಸೀಮಂತ ಅಂತ ಮನಿ ತುಂಬ ಮಂದಿ. ಒಳಗ ಗ್ಯಾಸಿನ ಒಲಿ. ಎ.ಸಿ. ಹಾಕಿ ಕಿಟಕಿ ಎಲ್ಲಾ ಮುಚ್ಚಿಬಿಟ್ರು. ಅಷ್ಟೂ ಮಂದಿ ಉಸಿರು, ಒಲಿ ಗಾಳಿ, ಎಲ್ಲಾ ನೀರಿಗೆ ಸೇರಿ ನೀರು ಹುಳಿ ಆಗ್ತತಿ. ಕಿಟಕಿ ತೆಗೀರಿ ಅಂದೆ."

"ಧೂಳು ಬರ್ತತಿ!" ಮೈಲಾರೇಶ ಚೀರಿದ. "ಇಟಲಿ ಸೋಫಾ ಅದು!"

"ನಿನ್ನೆ ಊರಿಗೆ ಹೋಗಿದ್ದೆ. ಇವತ್ತು ಮುಂಜಾನಿ ಬಂದು ನೋಡಿದ್ರ ಎಲ್ಲಾ ಸತ್ತಿದ್ವು."

"ನೋಡ್ರಿ ಮಾವ! ಹಾಕೇ ಹೋಗ್ಯಾಳ! ಇಂಥವ್ರನ್ನ ನೀರು ಮುಟ್ಟಾಕ ಬಿಟ್ರ ಹಿಂಗ ಆಗೋದು!"

'ಇಂಥವರು' ಎಂದರೆ ಯಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಕೋಮಲಾ ತಲೆ ತಗ್ಗಿಸಲಿಲ್ಲ. ಅವನನ್ನೇ ನೆಟ್ಟಗೆ ನೋಡಿದಳು.

ನಾನು ಯಾರ ಕಡೆ ಎಂಬುದು ಆಗ ತೀರ್ಮಾನವಾಯಿತು.

"ಪಿ.ಎಚ್. ಮೀಟರ್ ಎಲ್ಲೈತಿ?"

"ಒಡದೈತಿ," ಅಂದ ಮೈಲಾರೇಶ.

"ಯಾವಾಗ?"

"ಒಡದೈತಿ ಅಂದ್ನೆಲ್ಲ!"

"ಹಂಗಾರ ನನ್ನ ಮೀಟರ್ ತೆಲಿಗ್ಯಾಗ ನಮ್ಮ ಮನ್ಯಾಗ ಐತಿ. ಸ್ವಲ್ಪ ನೀರು ಒಯ್ದು ನೋಡ್ತೀನಿ."

ಮೈಲಾರೇಶನ ಕಣ್ಣು ತೊಟ್ಟಿಯ ಕಡೆ ಹೋಯಿತು. ಕೈ ಮಾತ್ರ ಕಿಸೆಯಲ್ಲೇ!

"ಬೇಕಾಗಿಲ್ಲ! ಶ್ರೀನಿವಾಸಾ, ಮೋಟರ್ ಹಾಕು! ನೀರೆಲ್ಲ ಚರಂಡಿಗೆ ಬಿಡು!"

ಮೋಟರ್ ಗುರುಗುಟ್ಟಿತು. ನೀರು ಸರ್ರನೆ ಇಳಿಯತೊಡಗಿತು. ಹೋಗುತ್ತಿದ್ದದ್ದು ಬರೀ ನೀರಲ್ಲ, ಸಾಕ್ಷಿ!

ನಾನು ಚಪ್ಪಲಿ ಕಪಾಟಿನತ್ತ ಹಾರಿದೆ. ದೇವರ ಮುಂದಿದ್ದ ತಾಮ್ರದ ಚೊಂಬು ಎತ್ತಿದೆ. ತಪ್ಪಾಯಿತು ತಂದೆ ಅಂದೆ. ಅದರ ನೀರನ್ನು ತುಳಸಿ ಕುಂಡಕ್ಕೆ ಚೆಲ್ಲಿದೆ, ತೊಟ್ಟಿಗೆ ಅದ್ದಿ ತುಂಬಿದೆ!

"ಕೋಮಲಾ! ಗಾಡಿ!"

ಆ ಹುಡುಗಿಗೆ ಎರಡನೇ ಸಲ ಹೇಳಬೇಕಾಗಿರಲಿಲ್ಲ.

ಸ್ಕೂಟಿ ಗೇಟು ದಾಟಿತು. ನಾನು ಹಿಂದೆ, ಚೊಂಬಿನ ಬಾಯಿಗೆ ಅಂಗೈ ಮುಚ್ಚಿ ಕುಳಿತಿದ್ದೆ. ಹರಪನಹಳ್ಳಿಯ ಸಂದಿಗಳಲ್ಲಿ ಮಟಮಟ ಮಧ್ಯಾಹ್ನ ಸಮುದ್ರ ಹೊತ್ತು ಓಡಿದವನು ನಾನೊಬ್ಬನೇ ಇರಬೇಕು!

"ಹಿಂದ ಯಾರು ಬರ್ತಾರ ಅಜ್ಜಾ?"

"ಜೀಪು."

"ಎಷ್ಟು ದೂರ?"

"ನಂಬರ್ ಓದಬಹುದು!"

ತೆಲಿಗಿ ರಸ್ತೆ. ಲಾರಿ ಪಕ್ಕದಿಂದ ನುಗ್ಗಿದಳು. ಹಂಪ್! ಅಂಗಿ ಒದ್ದೆ. ಇನ್ನೊಂದು ಹಂಪ್! ಪಂಚೆ ಒದ್ದೆ. ಹಿಂದೆ ಹಾರನ್ ಕಿವಿ ಹರಿಯುತ್ತಿತ್ತು...

ಮುಂದೆ ಕುರಿ.

ಹತ್ತಿಪ್ಪತ್ತಲ್ಲ. ಮುನ್ನೂರು ಕುರಿ, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ! ಕೋಮಲಾ ಬ್ರೇಕ್ ಒತ್ತಿದಳು. ಜೀಪು ನಮ್ಮ ಬೆನ್ನಿಗೆ ಬಂದು ಕಿರ್ರೆಂದು ನಿಂತಿತು.

ಹೊನ್ನೂರಸ್ವಾಮಿ ಇಳಿದ. ಶ್ರೀನಿವಾಸ ಇಳಿದ. ಕೊನೆಗೆ ಮೈಲಾರೇಶ. ಇಳಿದವನೇ ಕೈಗಳನ್ನು ಮತ್ತೆ ಕಿಸೆಗೆ ಇಳಿಸಿದ.

"ಚೊಂಬು ಕಸಗೊಳ್ಳಲೇ!" ಅಂದ ಶ್ರೀನಿವಾಸನಿಗೆ.

ಚೊಂಬಿನಲ್ಲಿ ಒಂದು ಗುಟುಕು ಉಳಿದಿತ್ತು. ಮೀಟರ್ ಆರು ಮೈಲಿ ದೂರ.

ಸೊಂಟಕ್ಕೆ ಕೈ ಹಾಕಿದೆ. ಅಲ್ಲಿ ಒಂದು ಪುಟ್ಟ ಬಟ್ಟೆ ಚೀಲ. ಮೈಲಾರಲಿಂಗನ ಭಂಡಾರ. ನನ್ನ ಹೆಂಡತಿ ಪಕ್ಕೀರಮ್ಮ ಹೋದ ವರ್ಷ ಮೈಲಾರಕ್ಕೆ ಹೋದಾಗ ತಂದು ಕಟ್ಟಿದ್ದು. ಈಗ ಪಕ್ಕೀರಮ್ಮ ಇಲ್ಲ. ದಿನಕ್ಕೊಂದು ಸಲ ಹಣೆಗೆ ಮುಟ್ಟಿಸಿಕೊಳ್ಳುತ್ತ, ಉಗುರಿನ ತುದಿಯಷ್ಟೇ ತೆಗೆಯುತ್ತ ಬಂದಿದ್ದೆ. ಎರಡು ಚಿಟಿಕೆ ಉಳಿದಿತ್ತು.

"ಸಾವ್ಕಾರ್ರೇ, ಇದೇನು?"

"ಭಂಡಾರ. ಅರಿಷಿಣ."

"ಇದಕ್ಕ ಸುಣ್ಣ ಕೂಡಿದ್ರ?"

"ಕೆಂಪಗ ಓಕುಳಿ ಆಗ್ತತಿ. ಸಣ್ಣ ಹುಡುಗ್ರಿಗೂ ಗೊತ್ತು."

"ಸಮುದ್ರದ ನೀರು ಸರಿ ಇದ್ರ ಇದು ಹಳದೀನ ಉಳೀತತಿ. ನೋಡ್ರಿ."

ಒಂದು ಚಿಟಿಕೆ ಚೊಂಬಿಗೆ ಹಾಕಿ ತಿರುವಿದೆ.

ರಕ್ತದಂತೆ ಕೆಂಪಾಯಿತು!

ಹೊನ್ನೂರಸ್ವಾಮಿ ಬಗ್ಗಿ ನೋಡಿದ.

"ಸುಣ್ಣ!" ಅಂದೆ. "ಯಾರೋ ಸುರುವ್ಯಾರ."

"ಆಕೀನ ಸುರುವ್ಯಾಳ!" ಮೈಲಾರೇಶ ಕೂಗಿದ.

"ಇರಬಹುದು. ಭಂಡಾರ ತೆಗದೀನಿ, ಎಲ್ಲಾರೂ ಪ್ರಸಾದ ತಗೋರಿ. ನಿನ್ನ ಹೆಸರಾಗ ಸ್ವಾಮಿ ಅದಾನ, ಮೈಲಾರೇಶಾ. ನೀನ ಮೊದಲು ತಗೋ."

ಕುರಿ ಕಾಯುವವನೂ ಕೋಲೂರಿ ನಿಂತು ನೋಡುತ್ತಿದ್ದ. ಭಂಡಾರ ಬೇಡ ಅನ್ನುವ ಧೈರ್ಯ ಈ ಸೀಮೆಯಲ್ಲಿ ಯಾರಿಗೂ ಇಲ್ಲ. ಮೈಲಾರೇಶನಿಗಂತೂ ಇಲ್ಲ.

ನಿಧಾನಕ್ಕೆ ಒಂದು ಕೈ ಹೊರಗೆ ಬಂತು... ಎಡಗೈ!

"ಲೇ!" ಹೊನ್ನೂರಸ್ವಾಮಿ ಗುಡುಗಿದ. "ಭಂಡಾರಕ್ಕ ಎಡಗೈ ಒಡ್ತೀಯೇನಲೇ? ಮನಿತನದ ಮಾನ ಕಳೀತೀಯಾ? ಬಲಗೈ ಚಾಚು!"

"ಮಾವ... ಗಾಯ ಆಗೇತಿ..."

"ಚಾಚಲೇ!"

ಬಲಗೈ ಬಂತು. ಬೆರಳಿನ ತುದಿಯೆಲ್ಲ ಸುಟ್ಟು ಸಿಪ್ಪೆ ಎದ್ದಿತ್ತು. ಉಗುರಿನ ಸಂದಿಯಲ್ಲಿ ಬಿಳಿ ಗೆರೆ. ಅಂಗೈ ಬೆವರಿತ್ತು.

ಕೊನೆಯ ಚಿಟಿಕೆ ಇಟ್ಟು, ಅವನ ಬೆರಳುಗಳನ್ನು ಮಡಚಿ ಒತ್ತಿ ಹಿಡಿದೆ. ಹತ್ತು ಎಣಿಸಿದೆ. ಬಿಡಿಸಿದೆ.

ಐದು ಉಗುರೂ ಕೆಂಪು!

"ಇಂಟರ್ನೆಟ್ಟಿನಾಗ ಇತ್ತು ಮಾವ..." ಅವನ ಧ್ವನಿ ಕುರಿಮರಿಯದಾಗಿತ್ತು. "ಪಿ.ಎಚ್. ಏರಸಾಕ ಸುಣ್ಣದ ನೀರು ಹಾಕ್ರಿ ಅಂತ. ಆಕಿ ಕಿಟಕಿ ತೆಗೀರಿ ಅಂದ್ಳು, ಆಕಿ ಮಾತು ನಾನು ಕೇಳೋದಾ..."

"ಹನಿ ಹನಿ ಬಿಡಬೇಕು ಅದನ್ನ," ಅಂದಳು ಕೋಮಲಾ. "ತಿಳಿನೀರು ಮಾತ್ರ. ಎಷ್ಟು ಹಾಕಿದ್ರಿ?"

"ಗ್ವಾಡಿಗೆ ಹಚ್ಚೋ ಸುಣ್ಣ... ಅರ್ಧ ಬಕೀಟು. ಕೈಯಾಗ ಕಲಸಿ..."

ಅರ್ಧ ಬಕೆಟ್! ಸಮುದ್ರಕ್ಕೇ ಸುಣ್ಣ ಬಳಿದ ಮಹಾಶಯ!

ಹೊನ್ನೂರಸ್ವಾಮಿ ಸಹಿಗೆಂದು ಜೇಬಿನಲ್ಲಿ ತಂದಿದ್ದ ಆ ಟೈಪಾದ ಕಾಗದ ತೆಗೆದ. ನಾನು ಕೈ ನೀಡಿದೆ. ಕೊಟ್ಟ. ನಾಲ್ಕು ಚೂರು ಮಾಡಿ ಕುರಿಗಳ ಮುಂದೆ ಹಾಕಿದೆ. ಒಂದು ಕುರಿ ಮೂಸಿ ನೋಡಿ ಮುಂದೆ ಹೋಯಿತು. ಕುರಿಗೂ ಬೇಡವಾಯಿತು ಆ ರಿಪೋರ್ಟು.

ಖಾಲಿ ಚೀಲವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದೆ. ಪಕ್ಕೀರಮ್ಮ ಇದ್ದಿದ್ದರೆ ಏನೂ ಅನ್ನುತ್ತಿರಲಿಲ್ಲ. ಇನ್ನೊಂದು ಹಿಡಿ ತಂದು ತುಂಬುತ್ತಿದ್ದಳು.

"ಮತ್ತ... ನೀರು ಕೆಡದಂಗ ಏನು ಮಾಡ್ಬೇಕ್ರಿ?" ಅಂತ ಹೊನ್ನೂರಸ್ವಾಮಿ ನನ್ನನ್ನು ಕೇಳಿದ.

"ನನ್ನನ್ನಲ್ಲ. ಆಕೀನ್ನ ಕೇಳ್ರಿ. ತಾಯಿ ಅಂದು ಕೇಳ್ರಿ."

ಗಂಟಲು ಸರಿಮಾಡಿಕೊಂಡ. ಕುರಿ ನೋಡಿದ, ಆಕಾಶ ನೋಡಿದ. "ಏನು ಮಾಡ್ಬೇಕು... ತಾಯಿ?"

ಕೋಮಲಾ ಸ್ಕೂಟಿ ತಿರುಗಿಸಿದಳು.

"ಕಿಟಕಿ ತೆಗೀರಿ."

ತಾಲ್ಲೂಕಿನ ನೆಲವನ್ನೆಲ್ಲ ಕೊರೆದವನಿಗೆ, ತನ್ನ ಮನೆಯ ಕಿಟಕಿಯ ಚಿಲಕ ಎಲ್ಲಿದೆ ಎಂದು ಗೊತ್ತಿರಲಿಲ್ಲ!