ಭದ್ರತಾ ಕೋಡ್ ಬದಲಾಗಿದೆ

ಭೂಸನೂರಿನ ಹೀರಾಬಾಯಿಯ ಭಜನಾ ತಂಡ ದತ್ತ ಜಯಂತಿಗೆ ಗಾಣಗಾಪುರಕ್ಕೆ ಬಂದರೆ ಕಲ್ಯಾಣಕುಮಾರನ ಲಾಡ್ಜ್‌ನಲ್ಲೇ ಇಳಿಯುತ್ತಿತ್ತು. ಎದುರಿಗೆ ಜಯಮಾಲಾ ಹೊಸ ಲಾಡ್ಜ್ ತೆರೆದು ಬಿಸಿನೀರು ಕೊಟ್ಟಳು. ತಂಡ ರಸ್ತೆ ದಾಟಿತು. ಹಿಂದೆಯೇ ಆಳಂದದವರು, ಜೇವರ್ಗಿಯವರೂ ದಾಟಿದರು. ಈ ಜಯಂತಿಗೂ ಕೋಣೆಗಳು ಖಾಲಿ ಬಿದ್ದರೆ ಕಲ್ಯಾಣಕುಮಾರನ ಅಪ್ಪ ಕಟ್ಟಿಸಿದ ಲಾಡ್ಜ್‌ಗೆ ಬೀಗವೇ ಗತಿ.

ಹೊಸದೊಂದು ಮೆಸೇಜ್ ಆ್ಯಪ್ ಬಂದಿತ್ತು. ಅದರಿಂದ ಕಳಿಸಿದ್ದು ಎಲ್ಲರ ಬಳಿ ಇರುವ ಹಳೆಯ ಆ್ಯಪ್‌ಗೂ ಅದೇ ನಂಬರಿನ ಹೆಸರಲ್ಲಿ ಹೋಗಿ ಬೀಳುತ್ತಿತ್ತು. ಕಳಿಸಿದವರು, ಓದಿದವರು ಬಿಟ್ಟರೆ ಒಳಗಿನ ಮಾತು ಕಂಪನಿಗೂ ಕಾಣದು. ಜಯಮಾಲಾ ಅದನ್ನಿನ್ನೂ ಹಾಕಿಕೊಂಡಿರಲಿಲ್ಲ. ಅವಳ ನಂಬರಿನಲ್ಲಿ ತಾನೇ ಹಾಕಿಕೊಂಡರಾಯಿತು. ಬೇಕಾದದ್ದು ಅವಳ ಫೋನಿಗೆ ಬರುವ ಒಂದೇ ಒಟಿಪಿ. ತನ್ನ ಫೋನಿನ ಹೊಸ ಆ್ಯಪ್‌ನಲ್ಲಿ ಅವಳ ನಂಬರ್ ಒತ್ತಿಯೇ ಕಲ್ಯಾಣಕುಮಾರ ರಸ್ತೆ ದಾಟಿದ.

"ಅಕ್ಕಾ, ನನ್ನ ರಿಚಾರ್ಜ್ ಮುಗದದ. ನಿಮ್ಮ ಫೋನ್ ಕೊಡ್ರಿ, ಒಂದು ಕಾಲ್ ಮಾಡ್ತೇನ್ರಿ."

"ಮಾಡಪಾ. ದಿನಾ ಖಾಲಿ ಕುಂಡ್ರಾಂವ, ಮಾತಾಡಾಕರ ಯಾರಾದ್ರೂ ಬೇಕಲ್ಲ."

ಚುಚ್ಚುಮಾತು ನುಂಗಿ, ಒಟಿಪಿ ನೋಡಿಕೊಂಡು, ಅಳಿಸಿ ಫೋನ್ ಮರಳಿಸಿದ. ಆಮೇಲೆ ಜಯಮಾಲಾಳಾಗಿ ಹೀರಾಬಾಯಿಗೆ ಬರೆದ: "ಅಕ್ಕಾ, ಮಾಳಗಿ ಸೋರಾಕತ್ತದ, ರಿಪೇರಿ ಹಚ್ಚೇನಿ. ಈ ಸಲ ಎದುರಿನ ಲಾಡ್ಜಿಗೆ ಹೋಗ್ರಿ. ಕಲ್ಯಾಣಕುಮಾರ ಭಾಳ ಛಲೋ ಮನಷ್ಯಾ." ಕೊನೆಯ ವಾಕ್ಯದ ಅಗತ್ಯವಿರಲಿಲ್ಲ, ಬರೆಯದೆ ಇರಲಾಗಲಿಲ್ಲ.

ಕಳಿಸುವ ಆ್ಯಪ್ ಬೇರೆಯಾದ್ದರಿಂದ ಹೀರಾಬಾಯಿಯ ಫೋನಿನಲ್ಲಿ 'ಭದ್ರತಾ ಕೋಡ್ ಬದಲಾಗಿದೆ' ಎಂಬ ಸಾಲೂ ಮೂಡುತ್ತದೆಂದು ಅವನಿಗೆ ಗೊತ್ತಿತ್ತು. ಅದನ್ನು ಯಾರೂ ಓದುವುದಿಲ್ಲವೆಂಬುದೂ ಗೊತ್ತಿತ್ತು. "ಆತು ತಂಗಿ" ಎಂಬ ಉತ್ತರ ಬಂದ ಕೂಡಲೇ ಖಾತೆಯನ್ನೇ ಅಳಿಸಿದ.

ಜಯಂತಿಯ ಬೆಳಿಗ್ಗೆ ತಂಡವನ್ನು ಊರಿಗೆ ತಿರುಗುವ ಚೌಡಾಪುರದಲ್ಲೇ ಎದುರುಗೊಂಡು ಹಿಂದಿನ ಓಣಿಯಿಂದ ಒಳಗೆ ಕರೆತಂದ.

"ಜಯಮಾಲಾನ್ನ ಮಾತಾಡ್ಸಿ ಬರ್ತೇವಿ," ಎಂದಳು ಹೀರಾಬಾಯಿ.

"ಊರಾಗಿಲ್ರಿ. ಸಿಮೆಂಟ್ ತರಾಕ ಅಫಜಲಪುರಕ್ಕ ಹೋಗ್ಯಾರ."

ನದಿಗೂ ಗುಡಿಗೂ ಹಿಂದಿನ ಬಾಗಿಲಿನಿಂದಲೇ ದಾರಿ ತೋರಿಸಿದ. ತಂಡದವರಿಂದಲೇ ಕೋಣೆಗಳೆಲ್ಲ ತುಂಬಿದ್ದವು. ಹಣದ ಗಲ್ಲೆಯ ಮುಂದೆ ಕಾಲು ಚಾಚಿ ಚಹಾ ತರಿಸಿದ.

ಮಧ್ಯಾಹ್ನ ತಂಡ ಜೋಳಿಗೆ ಹಿಡಿದು ಮುಂಬಾಗಿಲು ದಾಟಿದಾಗ ಕಲ್ಯಾಣಕುಮಾರ ಗಲ್ಲೆ ಬಿಟ್ಟು ಎದ್ದ. ಗಾಣಗಾಪುರದಲ್ಲಿ ಭಕ್ತರು ಯಾರ ಲಾಡ್ಜ್‌ನಲ್ಲೇ ಮಲಗಲಿ, ಮಧ್ಯಾಹ್ನ ಐದು ಮನೆ ಮಧುಕರಿ ಭಿಕ್ಷೆ ಬೇಡಿಯೇ ಉಣ್ಣುತ್ತಾರೆ. ಹುಟ್ಟಿದಾಗಿನಿಂದ ಕಂಡದ್ದು, ಹಾಗಾಗಿಯೇ ಯೋಚನೆಗೆ ಬಂದಿರಲಿಲ್ಲ. ಎಲ್ಲಕ್ಕಿಂತ ಹತ್ತಿರದ ಹೊಸ್ತಿಲು ಎದುರಿನದು. ಅಲ್ಲಿ ಜಯಮಾಲಾ ರೊಟ್ಟಿ ಬುಟ್ಟಿ ಹಿಡಿದು ನಿಂತಿದ್ದಳು. "ಯವ್ವಾ, ಊರಾಗೇ ಇದ್ದೀಯಲ್ಲ!" ಎಂದು ಹೀರಾಬಾಯಿ ಫೋನ್ ತೆಗೆದಳು. ಎರಡು ತಲೆ ಒಂದೇ ಫೋನಿನ ಮೇಲೆ ಬಾಗಿದವು, ಆಮೇಲೆ ಒಟ್ಟಿಗೆ ಅವನತ್ತ ತಿರುಗಿದವು. ತಂಡಕ್ಕೆ ಇನ್ನೂ ನಾಲ್ಕು ಮನೆ ಬಾಕಿ ಇದ್ದವು. ಸುದ್ದಿ ಊರಿಗೆಲ್ಲ ಮುಟ್ಟಲು ಅಷ್ಟು ಸಾಕಿತ್ತು.